ಪಾಸ್‌ಪೋರ್ಟಿಗಿಂತ ಮೊದಲು ಮ್ಯಾಚು

2017ರ ಅಕ್ಟೋಬರ್ 9, ದೆಹಲಿ. ಹದಿನೇಳರೊಳಗಿನವರ ಫಿಫಾ ವಿಶ್ವಕಪ್‌ನಲ್ಲಿ ಭಾರತ ಕೊಲಂಬಿಯಾದ ಎದುರು ಒಂದು ಗೋಲಿನಿಂದ ಹಿಂದಿತ್ತು. 82ನೇ ನಿಮಿಷದಲ್ಲಿ ಬೆಂಗಳೂರಿನ ಹುಡುಗ ಸಂಜೀವ್ ಸ್ಟಾಲಿನ್ ಕಾರ್ನರ್ ಕಿಕ್ ಹೊಡೆದ, ಮಣಿಪುರದ ಜೀಕ್ಸನ್ ಸಿಂಗ್ ಎಗರಿ ಹೆಡ್ ಮಾಡಿದ. ಫಿಫಾ ವಿಶ್ವಕಪ್‌ನಲ್ಲಿ ಭಾರತದ ಮೊದಲ ಗೋಲು. ಹುಡುಗರು ಕುಣಿದು ತಮ್ಮ ಜಾಗಕ್ಕೆ ಮರಳಿದ್ದಷ್ಟೇ, ಮರುನಿಮಿಷದಲ್ಲಿ ಕೊಲಂಬಿಯಾ ಎರಡನೆಯದನ್ನೂ ಹೊಡೆದಾಗಿತ್ತು.

ಆ ತಂಡವನ್ನು ದೇಶದೇಶ ಸುತ್ತಿಸಿ ತಯಾರು ಮಾಡಿದ್ದರು. ಮೊದಲು ಜರ್ಮನಿಯ ಕೋಚ್ ನಿಕೊಲಾಯ್ ಆಡಂ, ಆಮೇಲೆ ಪೋರ್ಚುಗಲ್‌ನ ಲೂಯಿಸ್ ನಾರ್ಟನ್ ಡಿ ಮಾಟೋಸ್. ಹುಡುಗರಿಗೆ ಕಾಲಿನ ಕೆಲಸ ಬಂದಿತ್ತು, ಓಟ ಬಂದಿತ್ತು. ಗೋಲು ಹೊಡೆದ ಖುಷಿಯನ್ನು ಅರೆಗಳಿಗೆಯಲ್ಲಿ ನುಂಗಿಕೊಂಡು ಡಿಫೆನ್ಸ್ ಕಟ್ಟಿ ನಿಲ್ಲುವ ಬುದ್ಧಿ ಮಾತ್ರ ಶಿಬಿರದಲ್ಲಿ ಸಿಗುವಂಥದ್ದಲ್ಲ. ಅದು ಬರುವುದು ಪಾಯಿಂಟಿಗಾಗಿ ಆಡುವ ಮ್ಯಾಚುಗಳಲ್ಲಿ, ಹತ್ತಾರು ಸಲ ಪೆಟ್ಟು ತಿಂದ ಮೇಲೆ. ವಿಶ್ವಕಪ್ ಮುಗಿದ ಮೇಲೆ ಆ ಹುಡುಗರಲ್ಲಿ ಹಲವರನ್ನು ಇಂಡಿಯನ್ ಆ್ಯರೋಸ್ ಹೆಸರಲ್ಲಿ ಐ-ಲೀಗ್‌ನಲ್ಲಿ ದೊಡ್ಡವರ ಎದುರು ಇಡೀ ಸೀಸನ್ ಆಡಿಸಿದರು. ಪ್ರವಾಸಗಳು ಕೊಡದಿದ್ದುದನ್ನು ಆ ಸೀಸನ್ ಕೊಟ್ಟಿತು ಎಂಬುದು ನನ್ನ ಅಂದಾಜು.

ಈಗ ವಿದೇಶಿ ತರಬೇತಿ ಪ್ರವಾಸ ದುಡ್ಡು ಕಟ್ಟಿದವರಿಗೆಲ್ಲ ಸಿಗುವ ಸರಕಾಗಿದೆ. ಹೆಸರಾಂತ ಕ್ಲಬ್ಬಿನ ಅಕಾಡೆಮಿಯಲ್ಲಿ ಒಂದು ವಾರ, ಬೆಳಿಗ್ಗೆ ತರಬೇತಿ, ಮಧ್ಯಾಹ್ನ ಸ್ಟೇಡಿಯಂ ದರ್ಶನ, ಕೊನೆಗೆ ಒಂದು ಸ್ನೇಹ ಪಂದ್ಯ, ಲಾಂಛನವಿರುವ ಸರ್ಟಿಫಿಕೇಟು. ಕಲಿಸುವವರು ಬಹುಪಾಲು ಹೊರಗಿನ ಮಕ್ಕಳಿಗೆಂದೇ ಇಟ್ಟ ಕೋಚುಗಳು. ಕ್ಲಬ್ಬಿನ ಸ್ವಂತ ಹುಡುಗರನ್ನು ತಿದ್ದುವವರು ಬೇರೆಯವರು. ಇನ್ನು ಎಲ್ಲ ಅಪ್ಪ-ಅಮ್ಮಂದಿರೂ ಫೀಸು ಕಟ್ಟಿರುವುದರಿಂದ ಯಾರನ್ನೂ ಬೆಂಚಿನಲ್ಲಿ ಕೂರಿಸುವಂತಿಲ್ಲ. ಇದ್ದ ಒಂದು ಮ್ಯಾಚನ್ನೂ ಪ್ರಸಾದದ ಹಾಗೆ ಹಂಚಿ ಮುಗಿಸುತ್ತಾರೆ.

ಹಾಗೆಂದು ಪೂರ್ತಿ ದಂಡ ಎನ್ನಲಾರೆ. ಒದ್ದೆ ಹುಲ್ಲಿನ ಮೇಲೆ ಚೆಂಡು ಎಷ್ಟು ಜೋರಾಗಿ ಜಾರಿ ಬರುತ್ತದೆ ಎನ್ನುವುದನ್ನು ಗಟ್ಟಿಮಣ್ಣಿನಲ್ಲಿ ಆಡಿದವನಿಗೆ ಬಾಯಲ್ಲಿ ಹೇಳಿ ತಿಳಿಸಲಾಗದು. ಅಲ್ಲಿನ ಹನ್ನೆರಡರ ಪೋರ ಚೆಂಡು ತನ್ನ ಕಾಲಿಗೆ ಬರುವ ಮುಂಚೆಯೇ ಎಡಕ್ಕೊಮ್ಮೆ, ಬಲಕ್ಕೊಮ್ಮೆ ಕತ್ತು ತಿರುಗಿಸಿ ನೋಡಿಕೊಂಡಿರುತ್ತಾನೆ. ನಮ್ಮವನು ಚೆಂಡು ಸಿಕ್ಕ ಮೇಲೆ ತಲೆ ಎತ್ತುತ್ತಾನೆ, ಅಷ್ಟರಲ್ಲಿ ಚೆಂಡು ಇನ್ನೊಬ್ಬನ ಪಾಲಾಗಿರುತ್ತದೆ. ಈ ಒಂದು ವ್ಯತ್ಯಾಸ ಕಣ್ಣಿಗೆ ಬಿದ್ದರೂ ಪ್ರಯಾಣ ವ್ಯರ್ಥವಲ್ಲ. ಆದರೆ ನೋಡಿದ್ದು ಕತ್ತಿಗೆ ಅಭ್ಯಾಸವಾಗಲು ಊರಿಗೆ ಬಂದ ಮೇಲೆ ವಾರವಾರ ಎದುರಾಳಿ ಬೇಕು.

ಈ ಲೆಕ್ಕದಲ್ಲಿ ನನಗೆ ಒಪ್ಪಿಗೆಯಾದದ್ದು 2022ರ ಪ್ರವಾಸ. ಗೋವಾದಲ್ಲಿ ನಡೆದ ಮೊದಲ ರಿಲಯನ್ಸ್ ಫೌಂಡೇಶನ್ ಡೆವಲಪ್‌ಮೆಂಟ್ ಲೀಗ್ ಗೆದ್ದು ಬೆಂಗಳೂರು ಎಫ್‌ಸಿಯ ಯುವ ತಂಡ ನೆಕ್ಸ್ಟ್ ಜೆನ್ ಕಪ್ ಟೂರ್ನಿಗಾಗಿ ಇಂಗ್ಲೆಂಡಿಗೆ ಹೋಯಿತು. ಎರಡನೇ ಸ್ಥಾನದ ಕೇರಳ ಬ್ಲಾಸ್ಟರ್ಸ್ ಹುಡುಗರೂ ಹೋದರು. ಲೆಸ್ಟರ್ ಸಿಟಿಯ ಯುವಕರ ಎದುರು ಬೆಂಗಳೂರು ಸೋತಿತು. ಸೋಲಲಿ, ಹೋದದ್ದು ಮ್ಯಾಚು ಗೆದ್ದು, ಹೋಗಿ ಆಡಿದ್ದೂ ಮ್ಯಾಚನ್ನೇ. ವಾಪಸು ಬಂದವರಿಗೆ ಕಾಯುತ್ತಿದ್ದ ಜಾಗವೂ ಇತ್ತು: ಆ ತಂಡದ ಶಿವಶಕ್ತಿ ನಾರಾಯಣನ್ ಹಿರಿಯರ ತಂಡದಲ್ಲಿ ಆಡಿ 2022–23ರ ಐಎಸ್‌ಎಲ್‌ನ ಉದಯೋನ್ಮುಖ ಆಟಗಾರ ಎನಿಸಿಕೊಂಡ. ಆ ಇಂಗ್ಲೆಂಡ್ ಪ್ರವಾಸದ ಮರುವರ್ಷ ಹದಿನೇಳರೊಳಗಿನ ಭಾರತ ತಂಡ ಸ್ಪೇನ್, ಜರ್ಮನಿಗಳಲ್ಲಿ ತಯಾರಾಗಿ ಥಾಯ್ಲೆಂಡಿನ ಏಷ್ಯಾ ಕಪ್‌ಗೆ ಹೋಯಿತು. ವಿಯೆಟ್ನಾಂ ಜೊತೆ 1–1, ಉಜ್ಬೇಕಿಸ್ತಾನಕ್ಕೆ 0–1, ಜಪಾನಿಗೆ 4–8. ಜಪಾನಿಗೆ ನಾಲ್ಕು ಗೋಲು ಹೊಡೆಯುವುದು ಸಣ್ಣ ಮಾತಲ್ಲ. ಎಂಟು ಬಿಟ್ಟುಕೊಟ್ಟದ್ದರಲ್ಲಿ ದೆಹಲಿಯ ಆ ಮರುನಿಮಿಷದ ಹಳೇ ಕಾಯಿಲೆಯೇ ಕಾಣುತ್ತದೆ.

ಕೆಜಿಎಫ್ ಪಕ್ಕದ ನಮ್ಮ ಬೇತಮಂಗಲದಿಂದ ನೋಡಿದರೆ ಈ ಮಾತೆಲ್ಲ ಇನ್ನೂ ದೂರದ್ದು. ಇಲ್ಲಿನ ಹುಡುಗನಿಗೆ ಮೊದಲ ಪರದೇಶವೇ ಬೆಂಗಳೂರು: ಕೆಜಿಎಫ್‌ಗೋ ಬಂಗಾರಪೇಟೆಗೋ ಬಸ್ಸು, ಅಲ್ಲಿಂದ ರೈಲು. ಚಿನ್ನದ ಗಣಿ ನಡೆಸುತ್ತಿದ್ದ ಜಾನ್ ಟೇಲರ್ ಕಂಪನಿಯ ಕಾಲದಿಂದಲೂ ಕೆಜಿಎಫ್‌ಗೆ ಫುಟ್ಬಾಲ್ ಹೊಸದೇನಲ್ಲ. ಬೇತಮಂಗಲ ಕೆರೆಯ ನೀರು ಕುಡಿದೇ ಗಣಿ ಊರು ಬದುಕಿದ್ದು, ಆಡಿದ್ದು. 2001ರಲ್ಲಿ ಗಣಿ ಮುಚ್ಚಿತು. ಗಾಳಿ ಬೀಸಿದಾಗ ಗಣಿ ಬಿಟ್ಟುಹೋದ ಸೈನೈಡ್ ದಿಬ್ಬದ ದೂಳು ಇವತ್ತಿಗೂ ಕಣ್ಣಿಗೆ ಬೀಳುತ್ತದೆ, ಚೆಂಡಿನ ಹಿಂದೆ ಓಡುವ ಹುಡುಗರೂ ಇದ್ದಾರೆ. ಇಲ್ಲದಿರುವುದು ಪಂದ್ಯಪಟ್ಟಿ. ಶಾಲಾ ಕ್ರೀಡಾಕೂಟ ನಾಕೌಟ್ ಮಾದರಿಯದು. ಹೋಬಳಿ ಮಟ್ಟದ ಮೊದಲ ಮ್ಯಾಚಿನಲ್ಲೇ ಸೋತ ಶಾಲೆಗೆ ಆ ವರ್ಷದ ಫುಟ್ಬಾಲ್ ಅಲ್ಲಿಗೇ ಮುಗಿಯಿತು. ಹಾಗೆ ಸೋತ ಹುಡುಗನಿಗೆ ಮತ್ತೆ ಆಡಲು ಹನ್ನೆರಡು ತಿಂಗಳು, ಅಷ್ಟರಲ್ಲಿ ಎಸ್ಸೆಸ್ಸೆಲ್ಸಿ.

ಒಬ್ಬ ಹುಡುಗನ ವೀಸಾ, ವಿಮಾನದ ದುಡ್ಡು ಇದ್ದರೆ ಬೇತಮಂಗಲ, ಕೆಜಿಎಫ್, ಬಂಗಾರಪೇಟೆ, ಮುಳಬಾಗಿಲಿನ ಶಾಲೆಗಳು ಭಾನುವಾರ ಭಾನುವಾರ ಆಡುವ ಲೀಗ್ ಶುರು ಮಾಡಬಹುದು: ರೆಫರಿಗೆ ಭತ್ಯೆ, ಗೋಲಿಗೆ ಬಲೆ, ಹುಡುಗರಿಗೆ ಟೆಂಪೋ ಬಾಡಿಗೆ. ಆ ಲೀಗಿನಲ್ಲಿ ಆಡಿ ಮೇಲೆ ಬಂದವರನ್ನು ಆರಿಸಿ ಹೊರದೇಶಕ್ಕೆ ಕಳಿಸುವುದಾದರೆ ನನ್ನ ತಕರಾರಿಲ್ಲ. ಜೊತೆಗೆ ಅವರ ಪಿ.ಟಿ. ಮೇಷ್ಟ್ರಿಗೂ ಒಂದು ಟಿಕೆಟ್ ಮಾಡಿಸಿ. ಹುಡುಗರು ದೊಡ್ಡವರಾಗಿ ಊರು ಬಿಡುತ್ತಾರೆ, ಮೇಷ್ಟ್ರು ಮುಂದಿನ ಬ್ಯಾಚಿಗೂ ಇರುತ್ತಾರೆ.