ಎಲುಬು ಮುರಿಯುವ ಮುನ್ನ: ಕ್ಯಾಡ್ಮಿಯಂ ವ್ಯಾಧಿಯ ನಿರ್ಣಯವನ್ನು ಕುರಿತು

ರೋಗವನ್ನು ಯಾವ ಹಂತದಲ್ಲಿ ರೋಗವೆಂದು ಕರೆಯಬೇಕೆಂಬ ಪ್ರಶ್ನೆ ವೈದ್ಯಶಾಸ್ತ್ರಕ್ಕೂ ನ್ಯಾಯಕ್ಕೂ ಸಮಾನವಾಗಿ ಸೇರಿದುದು. ಜಪಾನಿನ ತೊಯಾಮಾ ಪ್ರಾಂತದ ಜಿಂಜು ನದಿಯ ಬಯಲು ಇದಕ್ಕೆ ಸಾಕ್ಷಿ. ಮೇಲ್ಗಡೆಯ ಕಮಿಯೋಕಾ ಸತುವಿನ ಗಣಿಯಿಂದ ಹರಿದುಬಂದ ಕ್ಯಾಡ್ಮಿಯಂ ಗದ್ದೆಯ ಮಣ್ಣನ್ನೂ, ಮಣ್ಣಿನಿಂದ ಅನ್ನವನ್ನೂ ಸೇರಿತು. ಎಲುಬು ಮೆತ್ತಗಾಗಿ ಮುರಿಯುವ ಆ ವ್ಯಾಧಿಗೆ 'ಇತಾಯಿ-ಇತಾಯಿ' ಎಂದು ಹೆಸರಾಯಿತು. 'ನೋವು, ನೋವು' ಎಂದು ಅದರ ಅರ್ಥ. ಕ್ಯಾಡ್ಮಿಯಮ್ಮೇ ಅದಕ್ಕೆ ಕಾರಣವೆಂದು ಸರಕಾರ 1968ರಲ್ಲಿ ಒಪ್ಪಿತು. 1972ರ ಮೇಲ್ಮನವಿಯ ತೀರ್ಪೂ ರೋಗಿಗಳ ಪರವಾಯಿತು.

ಆದರೆ ಎಲುಬಿನ ನೋವು ಈ ಕಥೆಯ ಕೊನೆಯ ಅಧ್ಯಾಯ. ಮೊದಲಿನದು ಮೂತ್ರಪಿಂಡದಲ್ಲಿ ನಡೆದಿರುತ್ತದೆ. ಅಲ್ಲಿ ಶೇಖರವಾದ ಕ್ಯಾಡ್ಮಿಯಂ ಅರ್ಧಕ್ಕಿಳಿಯಲು 10ರಿಂದ 30 ವರ್ಷ ಬೇಕು. ಅದು ಮೊದಲು ಕೆಡಿಸುವುದು, ಸೋಸಿಬಂದ ಕಿರಿಯ ಪ್ರೋಟೀನುಗಳನ್ನು ಹಿಂದಕ್ಕೆ ಹೀರಿಕೊಳ್ಳುವ ಸೂಕ್ಷ್ಮ ನಾಳಗಳನ್ನು. ಸ್ವೀಡನ್ನಿನ ಬ್ಯಾಟರಿ ಕಾರ್ಖಾನೆಯ ಕೆಲಸಗಾರರಲ್ಲಿ ಇಂಥ ಪ್ರೋಟೀನು ಸೋರಿಕೆಯನ್ನು ಲಾರ್ಸ್ ಫ್ರೀಬೆರ್ 1950ರಷ್ಟು ಹಿಂದೆಯೇ ವಿವರಿಸಿದ್ದರು. ಸಾಧಾರಣ ಮೂತ್ರಪರೀಕ್ಷೆಯ ಪಟ್ಟಿಯಾದರೋ ಮುಖ್ಯವಾಗಿ ಹಿರಿಯದಾದ ಆಲ್ಬುಮಿನನ್ನು ಮಾತ್ರ ಗುರುತಿಸುತ್ತದೆ. ಹಾನಿ ಆರಂಭವಾಗಿದ್ದರೂ 'ಎಲ್ಲವೂ ಸರಿ' ಎಂಬ ವರದಿ ಬರುವುದು ಹೀಗೆ.

ಈ ಕೊರತೆಯನ್ನು ತುಂಬಲು ಬಂದ ಬೀಟಾ-2 ಮೈಕ್ರೊಗ್ಲಾಬ್ಯುಲಿನಿನ ಪರೀಕ್ಷೆಯೂ ನಿರ್ದೋಷವಲ್ಲ. ಆಮ್ಲೀಯ ಮೂತ್ರದಲ್ಲಿ ಆ ಪ್ರೋಟೀನು ಮೂತ್ರಕೋಶದಲ್ಲಿರುವಾಗಲೇ ಒಡೆದುಹೋಗುತ್ತದೆ. ಆಗ ರೋಗಿಯೂ ಆರೋಗ್ಯವಂತನಂತೆ ತೋರುತ್ತಾನೆ. ಆಲ್ಫಾ-1 ಮೈಕ್ರೊಗ್ಲಾಬ್ಯುಲಿನ್ ಇದಕ್ಕಿಂತ ಸ್ಥಿರವಾದುದು. ಫಲಿತಾಂಶವನ್ನು ಕ್ರಿಯಾಟಿನಿನ್ನಿಗೆ ಹೋಲಿಸಿ ಹೇಳುವ ಪದ್ಧತಿಯಲ್ಲಿಯೂ ಎಚ್ಚರ ಬೇಕು: ಸ್ನಾಯು ಕ್ಷೀಣಿಸಿದ ವೃದ್ಧೆಯರಲ್ಲಿ ಕ್ರಿಯಾಟಿನಿನ್ ಕಡಮೆಯಿರುವುದರಿಂದ ಅಂಕಿ ಉಬ್ಬಿ ಕಾಣುತ್ತದೆ. ಆದ್ದರಿಂದ ಒಂದೇ ಸೂಚಕವನ್ನು ನಂಬಿ ತೀರ್ಮಾನಿಸುವುದು ಉಚಿತವಲ್ಲ.

ಇದಕ್ಕಿಂತ ದೊಡ್ಡ ಲೋಪ ವ್ಯಾಖ್ಯೆಯದು. ಜಪಾನಿನ ಅಧಿಕೃತ ಮನ್ನಣೆಗೆ ನಾಳಗಳ ಹಾನಿಯೊಂದೇ ಸಾಲದು, ಎಲುಬೂ ಮೆತ್ತಗಾಗಿರಬೇಕು. ಮೂತ್ರಪಿಂಡ ಮಾತ್ರ ಕೆಟ್ಟವರಿಗೆ ತಲಾ 6 ಲಕ್ಷ ಯೆನ್ ಕೊಡಲು ಗಣಿಯ ಸಂಸ್ಥೆ ಒಪ್ಪಿದ್ದು 2013ರಲ್ಲಿ; ಅದೂ ಸರಕಾರದ ಮನ್ನಣೆಯಿಂದಲ್ಲ, ಪರಸ್ಪರ ಒಪ್ಪಂದದಿಂದ.

ಗುಣಪಡಿಸಲಾಗದ ಹಾನಿಯನ್ನು ಮೊದಲೇ ಕಂಡುಹಿಡಿದು ಫಲವೇನೆಂದು ಕೆಲವರು ಕೇಳಬಹುದು. ಮೂತ್ರದಲ್ಲಿ ಕಂಡ ಪ್ರೋಟೀನು ಗದ್ದೆಯ ವಿಷಯವನ್ನೂ ಹೇಳುತ್ತದೆಂಬುದೇ ಇದಕ್ಕೆ ಉತ್ತರ. ಜಿಂಜುವಿನ ಬಯಲಿನ ಮಣ್ಣನ್ನು ಹಸನುಗೊಳಿಸುವ ಕಾರ್ಯ ಮುಗಿದದ್ದು 2012ರಲ್ಲಿ. ಮೊದಲ ಸೂಚನೆಗೆ ಕಿವಿಗೊಟ್ಟಲ್ಲಿ, ಆ ಅನ್ನವನ್ನು ಇನ್ನೂ ಉಣ್ಣದ ಮಕ್ಕಳಾದರೂ ಉಳಿದಾರು.