ತಿದ್ದಿದ ಕೈಗಳ ಗುರುತು

ತರಗತಿಯಲ್ಲಿ ಹಲವರು ಕೂಡಿ ಬರೆಯುವುದಕ್ಕೆ ಒದಗುವ ಆನ್‌ಲೈನ್ ಸಾಧನಗಳಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ವಿಚಾರವನ್ನು ಈ ವಾರ ಎತ್ತಿಕೊಳ್ಳುವೆನೆಂದು ಹಿಂದಿನ ಅಂಕಣದ ಕೊನೆಯಲ್ಲಿ ಮಾತು ಕೊಟ್ಟಿದ್ದೆನಷ್ಟೆ; ಯಾದಗಿರಿಯಿಂದಲೂ ಶಹಾಪುರದಿಂದಲೂ ಪತ್ರ ಬರೆದ ಅಧ್ಯಾಪಕಮಿತ್ರರ ಅಪೇಕ್ಷೆಯೂ ಅದೇ ಆಗಿತ್ತು. ಉತ್ತರ ದೀರ್ಘವಾದುದೇನೂ ಅಲ್ಲ. ಗೂಗಲ್ ಡಾಕ್ಸ್ ಆಗಲಿ, ವಿಕಿಪೀಡಿಯದ ಪ್ರಯೋಗಪುಟವಾಗಲಿ, ಬರೆದವರ ಹೆಸರನ್ನೂ ತಿದ್ದಿದವರ ಹೆಸರನ್ನೂ ತಿದ್ದುವುದಕ್ಕೆ ಮುಂಚೆ ಇದ್ದ ಪಾಠವನ್ನೂ ಯಾವ ಸಾಧನವು ಕಾಪಿಟ್ಟುಕೊಳ್ಳುತ್ತದೆಯೋ ಅದು ಗ್ರಾಹ್ಯ; ತೆರೆಯ ಮೇಲೆ ಬಣ್ಣಬಣ್ಣದ ಚೀಟಿಗಳನ್ನು ಅಂಟಿಸಿ, ಯಾವುದು ಯಾರದೆಂಬ ಗುರುತುಳಿಯದಂತೆ ಅಳಿಸಿಬಿಡುವ ಸಾಧನವು ಚರ್ಚೆಯನ್ನು ಆರಂಭಿಸುವುದಕ್ಕೆ ಉಪಯುಕ್ತವಾದೀತೇ ಹೊರತು ಬರವಣಿಗೆಯ ಶಿಕ್ಷಣಕ್ಕೆ ಒದಗದು. ಅಂಥ ಸಾಧನಗಳ ಆಯುಸ್ಸೂ ಅನಿಶ್ಚಿತ: ಜಾಮ್‌ಬೋರ್ಡನ್ನು ಗೂಗಲ್ ಸಂಸ್ಥೆ 2024ರ ಕೊನೆಗೆ ನಿಲ್ಲಿಸಿಯೇಬಿಟ್ಟಿತು.

ಪಾಠಾಂತರವೆಂಬುದು ನನ್ನ ಬಹುಕಾಲದ ವ್ಯಸನವೆಂದು ಈ ಅಂಕಣದ ನಿಯತ ವಾಚಕರು ಬಲ್ಲರು. ಓಲೆಗರಿಯ ಲಿಪಿಕಾರನು ಎಲ್ಲಿ ಕಣ್ಣು ತಪ್ಪಿದ, ಎಲ್ಲಿ ಅರ್ಥವಾಗದ ಪದವನ್ನು ಅರ್ಥವಾಗುವ ಪದದಿಂದ ಪಲ್ಲಟಿಸಿದ, ಮುಂದಿನವನು ಅದನ್ನು ಹೇಗೆ ಸರಿಪಡಿಸಿದ ಎಂಬುದನ್ನು ಬೆನ್ನಟ್ಟುವುದರಲ್ಲಿ ದೊರೆಯುವ ಆನಂದವನ್ನು ಹಿಂದೆ ಹಲವು ವಾರ ವರ್ಣಿಸಿದ್ದೇನೆ. ಅದೇ ಆನಂದವು ಪದವಿ ತರಗತಿಯ ಹುಡುಗ ಹುಡುಗಿಯರಿಗೆ ಅವರದೇ ಬರವಣಿಗೆಯಲ್ಲಿ, ಅವರದೇ ಮೊಬೈಲಿನ ತೆರೆಯ ಮೇಲೆ ಲಭಿಸುವುದಾದರೆ ಗ್ರಂಥಸಂಪಾದನಶಾಸ್ತ್ರವನ್ನು ಕಲಿಸುವುದಕ್ಕೆ ಇದಕ್ಕಿಂತ ಪ್ರಶಸ್ತವಾದ ದ್ವಾರ ಬೇರೊಂದಿಲ್ಲವೆಂದು ನಾನು ನಂಬಿದ್ದೇನೆ.

ಆದರೆ ನಮ್ಮ ವಿದ್ಯಾಸಂಸ್ಥೆಗಳಲ್ಲಿ ಪ್ರಬಲವಾಗಿರುವ ಇನ್ನೊಂದು ಪಂಥದೊಡನೆ ನನಗೆ ಹಳೆಯ ವ್ಯಾಜ್ಯವಿದೆ. ಕೊಠಡಿಯಲ್ಲೊಂದು ಪ್ರೊಜೆಕ್ಟರನ್ನು ತೂಗುಹಾಕಿ, ಗೋಡೆಗೊಂದು ಬಿಳಿಯ ತೆರೆಯನ್ನು ಬಿಟ್ಟು, ಪಾಠವನ್ನು ಪಿಪಿಟಿಯ ಸಾಲುಗಳಾಗಿ ಒಡೆದು ತೋರಿಸಿದರೆ ತರಗತಿಯು ‘ಸ್ಮಾರ್ಟ್’ ಆಯಿತೆಂದು ಈ ಪಂಥದವರು ಸಿದ್ಧಾಂತ ಮಾಡಿದ್ದಾರೆ. ಆದುದೇನು? ಮೊದಲೇ ಪ್ರಬಲವಾಗಿದ್ದ ಅಧ್ಯಾಪಕನ ಧ್ವನಿ ಇಮ್ಮಡಿಯಾಯಿತು. ವಿದ್ಯಾರ್ಥಿಯ ಪಾಲಿಗೆ ತೆರೆಯ ಮೇಲಿನ ಸಾಲನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುವುದು, ಈಚೆಗಂತೂ ಅದರ ಫೋಟೊ ತೆಗೆದುಕೊಳ್ಳುವುದು, ಇಷ್ಟೇ ಉಳಿಯಿತು. 2020ರ ಲಾಕ್‌ಡೌನಿನಲ್ಲಿ ಈ ಪದ್ಧತಿಯೇ ಗೂಗಲ್ ಮೀಟಿಗೆ ವಲಸೆ ಹೋಗಿ, ಕ್ಯಾಮೆರಾ ಮುಚ್ಚಿದ ಕಪ್ಪು ಚೌಕಗಳ ಮುಂದೆ ಅಧ್ಯಾಪಕನೊಬ್ಬನೇ ಮಾತನಾಡುವ ಸ್ಥಿತಿಯನ್ನು ತಂದಿತು. 2021ರಲ್ಲಿ ಸರ್ಕಾರಿ ಪದವಿ ಕಾಲೇಜಿನ ಮಕ್ಕಳ ಕೈಗೆ ಟ್ಯಾಬ್ ಬಂದಾಗಲೂ ಅವುಗಳಲ್ಲಿ ಬರೆಯಿಸುವುದನ್ನು ಬಿಟ್ಟು ವಿಡಿಯೊ ಉಪನ್ಯಾಸಗಳನ್ನು ನೋಡಿಸುವುದೇ ನಮ್ಮಲ್ಲಿ ಬಹುಮಂದಿಗೆ ಸುಲಭವೆನಿಸಿತು. ತಂತ್ರಜ್ಞಾನವು ಹೊಸದಾಗಿದ್ದರೂ ಅದರೊಳಗಿನ ವ್ಯವಹಾರವು ಒಬ್ಬನು ಹೇಳಿ ಉಳಿದವರು ಕೇಳುವ ಹಳೆಯದೇ ಆಗಿತ್ತು. ಇದನ್ನು ನಾನು ಅಧ್ಯಾಪಕರ ಸಭೆಗಳಲ್ಲಿ ಹೇಳಿದ್ದೇನೆ, ಇಲ್ಲಿಯೂ ಹೇಳುತ್ತೇನೆ.

ಎಲ್ಲರೂ ಕೈಯಿಡಬಹುದಾದ ಒಂದೇ ದಸ್ತಾವೇಜನ್ನು ತರಗತಿಗೆ ತೆರೆದುಕೊಟ್ಟ ಕೂಡಲೆ ಈ ಸಂಬಂಧವು ಪಲ್ಲಟವಾಗುತ್ತದೆ. ಬೆಂಚಿನ ಕೊನೆಯಲ್ಲಿ ಕುಳಿತು ವರ್ಷವೆಲ್ಲ ತುಟಿ ಬಿಚ್ಚದಿದ್ದ ಹುಡುಗಿಯೊಬ್ಬಳು, ಮುದನೂರಿನ ಜೇಡರ ದಾಸಿಮಯ್ಯನನ್ನು ಕುರಿತು ಉಳಿದವರು ಬರೆದಿದ್ದ ಪರಿಚ್ಛೇದದ ಅಂಚಿನಲ್ಲಿ, ಆತನ ಅಂಕಿತವಾದ ರಾಮನಾಥನು ಆ ಊರಿನ ಗುಡಿಯ ದೇವರೇ ಎಂಬುದನ್ನು ಯಾರೂ ಏಕೆ ನಮೂದಿಸಿಲ್ಲವೆಂದು ಕಾಮೆಂಟ್ ಹಾಕಿದಳು. ಅದಕ್ಕೆ ಉತ್ತರವಾಗಿ ಬಂದ ಏಳೆಂಟು ಮಾತುಗಳು ಪರಿಚ್ಛೇದಕ್ಕಿಂತಲೂ ಉದ್ದವಾದವು. ನಮ್ಮ ಯಾದಗಿರಿ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇಕಡ 51.83, ರಾಜ್ಯದಲ್ಲಿಯೇ ಕನಿಷ್ಠ. ಮನೆಯಲ್ಲಿ ಬರೆಯಬಲ್ಲವರು ತಾನೊಬ್ಬಳೇ ಆಗಿರುವ ವಿದ್ಯಾರ್ಥಿನಿಗೆ ತನ್ನ ವಾಕ್ಯವನ್ನು ಮತ್ತೊಬ್ಬರು ಓದಿ, ಒಪ್ಪಿ, ತಿದ್ದಿ, ಮರಳಿ ತನ್ನ ಅನುಮತಿಗೆ ಒಪ್ಪಿಸುವುದೆಂದರೆ ಅದು ಅಂಕಪಟ್ಟಿಯಲ್ಲಿ ಕಾಣಿಸದ ಒಂದು ಮಾನ್ಯತೆ. ಸುಗ್ಗಿ ಮುಗಿದ ಮೇಲೆ ಗುಳೆ ಹೋಗುವ ಕುಟುಂಬಗಳ ಮಕ್ಕಳದು ಇನ್ನೊಂದು ಬಗೆ. ಬೆಂಗಳೂರಿನ ಕಟ್ಟಡ ಕೆಲಸದ ಶೆಡ್ಡಿನಿಂದ, ತಂದೆತಾಯಿಯರು ಮಲಗಿದ ಮೇಲೆ, ಹಾಜರಿಪುಸ್ತಕದಲ್ಲಿ ಗೈರುಹಾಜರಾದ ಹುಡುಗನೊಬ್ಬನು ತನ್ನ ಗುಂಪಿನ ಬರಹಕ್ಕೆ ಎರಡು ವಾಕ್ಯಗಳನ್ನು ಸೇರಿಸಿದ್ದನ್ನು ಬೆಳಿಗ್ಗೆ ನೋಡಿದಾಗ ಈ ಸಾಧನಗಳ ಮೇಲೆ ನನಗಿದ್ದ ಗೌರವವು ದೃಢವಾಯಿತು.

ದೋಷಗಳಿಲ್ಲವೆ? ಉಂಟು. ಗುಂಪಿನಲ್ಲಿ ಚುರುಕಾದವನೊಬ್ಬನೇ ಬರೆದು ಉಳಿದವರು ಹೆಸರು ಹಚ್ಚುವ ದೋಷವನ್ನು ತಿದ್ದುಪಡಿಗಳನ್ನೆಲ್ಲ ದಾಖಲಿಸುವ ಇತಿಹಾಸದ ಪುಟವೇ ಬಯಲು ಮಾಡುತ್ತದೆಯಾದುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಕೂಡಿ ಬರೆಯುವವರ ನಡುವಣ ಕಲಹದ ಸಂಗತಿಯನ್ನು ಮಾತ್ರ ವಿಸ್ತರಿಸಲೇಬೇಕು. ಸುರಪುರದ ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಬ್ರಿಟಿಷರ ಸೆರೆಯಾಗಿ, ಶಿಕ್ಷೆಗೊಳಗಾಗಿ, ಆ ಶಿಕ್ಷೆ ಕಡಿಮೆಯಾದ ಬಳಿಕ ಗುಂಡೇಟಿನಿಂದ ಮೃತನಾದನಷ್ಟೆ. ಅದು ಆತ್ಮಹತ್ಯೆಯೋ ಆಕಸ್ಮಿಕವೋ ಕೊಲೆಯೋ ಎಂಬುದರಲ್ಲಿ ಒಮ್ಮತವಿಲ್ಲ. ಸುರಪುರದಲ್ಲಿ 1841ರಿಂದ ಹನ್ನೆರಡು ವರ್ಷ ಪೊಲಿಟಿಕಲ್ ಏಜೆಂಟನಾಗಿದ್ದು, ಬಾಲಕನಾಗಿದ್ದ ರಾಜನನ್ನು ಬೆಳೆಸಿದ ಮೆಡೋಸ್ ಟೇಲರನು ತನ್ನ ಆತ್ಮಚರಿತ್ರೆಯಲ್ಲಿ ಹೇಳುವುದು ಒಂದು, ಸುರಪುರದ ಓಣಿಗಳಲ್ಲಿ ಕೇಳಿಬರುವುದು ಮತ್ತೊಂದು. ನನ್ನ ತರಗತಿಯ ಒಂದು ಗುಂಪು ಈ ಭಾಗವನ್ನು ಬರೆಯತೊಡಗಿದಾಗ ಒಬ್ಬನು ಬರೆದುದನ್ನು ಇನ್ನೊಬ್ಬನು ಅಳಿಸುವುದು, ಅಳಿಸಿದ್ದನ್ನು ಮೊದಲನೆಯವನು ಮರಳಿ ತರುವುದು, ಹೀಗೆ ಒಂದು ರಾತ್ರಿಯೆಲ್ಲ ನಡೆಯಿತು. ಇಪ್ಪತ್ತನಾಲ್ಕು ಗಂಟೆಗಳೊಳಗೆ ಮೂರು ಸಲಕ್ಕಿಂತ ಹೆಚ್ಚಾಗಿ ಇನ್ನೊಬ್ಬರ ತಿದ್ದುಪಡಿಯನ್ನು ರದ್ದು ಮಾಡಬಾರದೆಂಬ ನಿಯಮವೊಂದು ಇಂಗ್ಲಿಷ್ ವಿಕಿಪೀಡಿಯದಲ್ಲಿದೆ. ಅದನ್ನೇ ಎರವಲು ತಂದು ತರಗತಿಯಲ್ಲಿ ಜಾರಿಗೆ ತಂದೆ. ಅಳಿಸುವ ಅಧಿಕಾರ ಮೊಟಕಾದ ಮೇಲೆ ಇಬ್ಬರೂ ಆಧಾರವನ್ನು ಹುಡುಕಿಕೊಂಡು ಹೊರಟರು. ಒಬ್ಬನು ಟೇಲರನ ಪುಸ್ತಕವನ್ನು ತಂದ. ಟೇಲರನು ತೀರಿಕೊಂಡುದು 1876ರಲ್ಲಿ. ಪುಸ್ತಕವು 1877ರಲ್ಲಿ ಪ್ರಕಟವಾದುದು ಅವನ ಮಗಳ ಸಂಪಾದಕತ್ವದಲ್ಲಿ. ಏಕಹಸ್ತದ ಬರಹವೆಂದು ನಾವು ಎಣಿಸಿದ್ದ ಗ್ರಂಥಕ್ಕೂ ಎರಡನೆಯ ಕೈಯೊಂದು ತಗುಲಿತ್ತೆಂಬುದನ್ನು ಕಂಡುಹಿಡಿದವನು ವಿದ್ಯಾರ್ಥಿಯೇ. ಆ ಎರಡನೆಯ ಕೈ ಏನನ್ನು ಉಳಿಸಿತು, ಏನನ್ನು ಬಿಟ್ಟಿತೆಂದು ತಿಳಿಯುವ ಇತಿಹಾಸದ ಪುಟವು ಆ ಪುಸ್ತಕಕ್ಕೆ ಇಲ್ಲವಲ್ಲಾ ಎಂದು ಅವನು ಕೇಳಿದ ಮಾತನ್ನು ನಾನು ಇಂದಿಗೂ ಮೆಲುಕು ಹಾಕುತ್ತಿದ್ದೇನೆ.

ಈ ಮಾತು ನನ್ನನ್ನು ಸಾಧನಗಳ ತುಲನೆಯಿಂದ ಎಳೆದುಕೊಂಡು ನನ್ನ ಪ್ರಿಯಗ್ರಂಥದ ಬಳಿಗೆ ಒಯ್ಯುತ್ತದೆ. ವಾಚಕರು ಅನುಮತಿ ಕೊಡುವರೆಂದು ನಂಬಿ ಅಲ್ಲಿಯೇ ಸ್ವಲ್ಪ ಕಾಲ ನಿಲ್ಲುತ್ತೇನೆ. ಹಲವರು ಕೂಡಿ ಒಂದು ಪಾಠವನ್ನು ಕಟ್ಟುವುದು ಹೊರಗಿನಿಂದ ಬಂದ ನೂತನ ವಿದ್ಯೆಯೆಂದು ಭಾವಿಸುವವರು ‘ಶೂನ್ಯಸಂಪಾದನೆ’ಯನ್ನು ಒಮ್ಮೆ ಕೈಗೆತ್ತಿಕೊಳ್ಳಬೇಕು. ಹನ್ನೆರಡನೆಯ ಶತಮಾನದ ಶರಣರು ಬೇರೆಬೇರೆ ಸಂದರ್ಭಗಳಲ್ಲಿ ನುಡಿದಿದ್ದ ವಚನಗಳನ್ನು, ಸುಮಾರು ಎರಡೂವರೆ ಶತಮಾನಗಳು ಕಳೆದ ಮೇಲೆ ಶಿವಗಣಪ್ರಸಾದಿ ಮಹಾದೇವಯ್ಯನು ಆಯ್ದು, ಅಲ್ಲಮಪ್ರಭುವನ್ನು ಕೇಂದ್ರದಲ್ಲಿರಿಸಿ, ಪ್ರಶ್ನೋತ್ತರಗಳ ಕ್ರಮದಲ್ಲಿ ಹೊಂದಿಸಿ, ನಡುವೆ ತನ್ನ ಗದ್ಯದ ಸೇತುಗಳನ್ನು ಹಾಕಿ ಒಂದು ಮಹಾಸಂವಾದವನ್ನೇ ನಿರ್ಮಿಸಿದನು. ಅಷ್ಟಕ್ಕೆ ಕೃತಿ ಮುಗಿಯಲಿಲ್ಲ. ಹಲಗೆಯಾರ್ಯನು ಅದನ್ನು ಪರಿಷ್ಕರಿಸಿದನು. ಗುಮ್ಮಳಾಪುರದ ಸಿದ್ಧಲಿಂಗಯತಿಯು ಮತ್ತೊಮ್ಮೆ, ಗೂಳೂರು ಸಿದ್ಧವೀರಣ್ಣನು ಇನ್ನೊಮ್ಮೆ ಪರಿಷ್ಕರಿಸಿದರು. ಸಿದ್ಧರಾಮನಿಗೆ ಇಷ್ಟಲಿಂಗದೀಕ್ಷೆ ಆಯಿತೇ ಇಲ್ಲವೇ ಎಂಬ ಒಂದು ಪ್ರಶ್ನೆಯೇ ಈ ಪರಿಷ್ಕರಣಗಳ ನಡುವಣ ಪ್ರಮುಖ ಭೇದಗಳಲ್ಲೊಂದು; ತತ್ತ್ವದ ಭೇದವು ಪಾಠದ ಭೇದವಾಗಿ ಪರಿಣಮಿಸಿದ ಇಂತಹ ನಿದರ್ಶನ ನಮ್ಮ ಸಾಹಿತ್ಯದಲ್ಲಿ ವಿರಳ.

ಇಲ್ಲಿ ಗಮನಿಸಬೇಕಾದ ಸಂಗತಿಗಳು ಎರಡು. ಮೊದಲನೆಯದು, ಸಂಕಲನಕಾರನು ವಚನಗಳನ್ನು ಎಷ್ಟೇ ಸ್ವತಂತ್ರವಾಗಿ ಹೊಂದಿಸಿದರೂ ಪ್ರತಿಯೊಂದು ವಚನದ ಅಂಕಿತವು ಉಳಿದೇ ಇದೆ. ಗುಹೇಶ್ವರನೆಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನನೆಂದರೆ ಅಕ್ಕ, ಕಪಿಲಸಿದ್ಧಮಲ್ಲಿಕಾರ್ಜುನನೆಂದರೆ ಸಿದ್ಧರಾಮ. ನುಡಿದವರು ಯಾರು, ಜೋಡಿಸಿದವರು ಯಾರು ಎಂಬ ವಿವೇಕವು ಓದುಗನಿಗೆ ಒಂದು ಕ್ಷಣವೂ ತಪ್ಪುವುದಿಲ್ಲ. ವಿಕಿಪೀಡಿಯದ ಚರ್ಚೆಪುಟದಲ್ಲಿ ಮಾತಿನ ಕೊನೆಗೆ ಸಹಿ ಹಾಕತಕ್ಕದ್ದೆಂಬ ವಿಧಿಯನ್ನು ನನ್ನ ವಿದ್ಯಾರ್ಥಿಗಳಿಗೆ ವಿವರಿಸುವಾಗ ನಾನು ಅಂಕಿತದಿಂದಲೇ ಆರಂಭಿಸುತ್ತೇನೆ; ಎರಡನೆಯ ಸಲ ಹೇಳಬೇಕಾಗಿ ಬಂದುದಿಲ್ಲ. ಎರಡನೆಯದು, ಹಿಂದಿನ ಪರಿಷ್ಕರಣವನ್ನು ಮುಂದಿನದು ನಾಶಮಾಡಲಿಲ್ಲ. ನಾಲ್ಕೂ ನಮಗೆ ಉಳಿದುಬಂದಿರುವುದರಿಂದಲೇ ಸಿದ್ಧರಾಮನ ದೀಕ್ಷೆಯ ವಿಚಾರದಲ್ಲಿ ಯಾವ ಕಾಲಕ್ಕೆ ಯಾರ ಅಭಿಪ್ರಾಯವು ಹೇಗೆ ಬದಲಾಯಿತೆಂದು ನಾವು ಇಂದು ಹೇಳಬಲ್ಲೆವು. ನಾಲ್ಕನೆಯದೊಂದೇ ಉಳಿದಿದ್ದ ಪಕ್ಷದಲ್ಲಿ ಅದನ್ನು ಶರಣರ ಕಾಲದ ವಾಸ್ತವವರದಿಯೆಂದೇ ಸ್ವೀಕರಿಸಿಬಿಡುತ್ತಿದ್ದೆವಲ್ಲವೆ?

ಈ ವಚನಗಳು ಅಚ್ಚಿನ ರೂಪಕ್ಕೆ ಬಂದುದರಲ್ಲಿ ವಿಜಯಪುರದ ಫ. ಗು. ಹಳಕಟ್ಟಿಯವರ ಪಾತ್ರವನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಅವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದುದು 1923ರಲ್ಲಿ. ಆದರೆ ಅಧ್ಯಾಪಕಮಿತ್ರರಲ್ಲಿ ಅನೇಕರು ಗಮನಿಸದ ಸಂಗತಿಯೊಂದುಂಟು. ಹಳಕಟ್ಟಿಯವರು ದಿವಂಗತರಾದುದು 1964ರಲ್ಲಿ. ನಮ್ಮ ದೇಶದ ಕಾನೂನಿನಂತೆ ಲೇಖಕನ ಮರಣದ ಮುಂದಿನ ವರ್ಷದಿಂದ ಅರುವತ್ತು ವರ್ಷಗಳ ತನಕ ಮಾತ್ರ ಗ್ರಂಥಸ್ವಾಮ್ಯ. ಆದುದರಿಂದ 2025ರ ಜನವರಿ 1ರಿಂದ ಅವರ ಬರಹಗಳೆಲ್ಲ ಸಾರ್ವಜನಿಕರ ಸ್ವತ್ತು. ಅವುಗಳ ಒಂದೊಂದು ಪುಟವನ್ನು ತರಗತಿಗೆ ತಂದು ಮಕ್ಕಳಿಂದ ಟೈಪು ಮಾಡಿಸುವುದಕ್ಕೆ ಈಗ ಯಾರ ಅಪ್ಪಣೆಯೂ ಬೇಡ. ಕನ್ನಡ ವಿಕಿಸೋರ್ಸಿನಲ್ಲಿ ಅಚ್ಚುಪುಟದ ಚಿತ್ರವು ಒಂದು ಪಕ್ಕ, ಟೈಪು ಮಾಡಿದ ಪಾಠವು ಇನ್ನೊಂದು ಪಕ್ಕ ಇರುತ್ತವೆ. ಕೆಂಪು ಗುರುತಿನ ಪುಟವನ್ನು ಒಬ್ಬರು ಚಿತ್ರದೊಡನೆ ತಾಳೆ ನೋಡಿ ತಿದ್ದಿದರೆ ಅದು ಹಳದಿಯಾಗುತ್ತದೆ, ಇನ್ನೊಬ್ಬರು ಮತ್ತೆ ತಾಳೆ ನೋಡಿದರೆ ಹಸಿರಾಗುತ್ತದೆ. ಹಳದಿ ಮಾಡಿದವರೇ ಹಸಿರು ಮಾಡುವಂತಿಲ್ಲ. ಗ್ರಂಥಸಂಪಾದನೆಯ ಪಠ್ಯಪುಸ್ತಕಗಳು ಅಧ್ಯಾಯಗಟ್ಟಲೆ ಉಪದೇಶಿಸುವ ವಿನಯವನ್ನು ಇಲ್ಲಿ ಯಂತ್ರವೇ ವಿಧಿಸಿದೆ.

ಕೆಲಸಕ್ಕೆ ಇಳಿಯುವವರಿಗೆ ಎರಡು ತೊಡಕುಗಳನ್ನು ಮುಂಚಿತವಾಗಿ ತಿಳಿಸಬೇಕು. ಕಾಲೇಜುಗಳ ಕಂಪ್ಯೂಟರುಗಳಲ್ಲಿ ಹಳೆಯ ನುಡಿ ಫಾಂಟಿನಲ್ಲಿ ಉಳಿದಿರುವ ಕಡತಗಳನ್ನು ಯೂನಿಕೋಡಿಗೆ ಪರಿವರ್ತಿಸದೆ ಗೂಗಲ್ ಡಾಕ್ಸಿಗೆ ಹಾಕಿದರೆ ಕನ್ನಡದ ಬದಲಾಗಿ ಅರ್ಥಹೀನ ಚಿಹ್ನೆಗಳು ಕಾಣಿಸುತ್ತವೆ. ಪರಿವರ್ತನೆಯಲ್ಲಿಯೂ ಒತ್ತಕ್ಷರಗಳು ಕೆಡುವುದರಿಂದ ಅದನ್ನು ಮತ್ತೊಮ್ಮೆ ಓದಿಸಲೇಬೇಕು. ಹಳಗನ್ನಡದ ೞ ಅಕ್ಷರವು ಯೂನಿಕೋಡಿನಲ್ಲಿ ಇದೆಯಾದರೂ ಅಲ್ಲಿ ಅದಕ್ಕೆ ‘ಫ’ ಎಂಬ ಅರ್ಥದ ತಪ್ಪು ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸುವುದಿಲ್ಲವೆಂಬ ನಿಯಮವಿರುವುದರಿಂದ ಆ ತಪ್ಪನ್ನು ಒಪ್ಪಿಕೊಂಡು ಟಿಪ್ಪಣಿ ಬರೆದಿದ್ದಾರೆಯೇ ವಿನಾ ತಿದ್ದಿಲ್ಲ. ಹೆಸರನ್ನು ನೋಡಿ ಗಲಿಬಿಲಿಗೊಳ್ಳದೆ ಅಕ್ಷರದ ಆಕಾರವನ್ನು ನೋಡಿ ಆರಿಸಿಕೊಳ್ಳತಕ್ಕದ್ದು.

ವೆಂಕಟಪ್ಪ ನಾಯಕನ ಪರಿಚ್ಛೇದವು ಈಗ ಟೇಲರನ ಹೇಳಿಕೆಯನ್ನು ಟೇಲರನದೆಂದೂ, ಈಚಿನ ಇತಿಹಾಸಗ್ರಂಥಗಳ ಹೇಳಿಕೆಯನ್ನು ಅವುಗಳದೆಂದೂ ನಮೂದಿಸಿ ಒಂದು ಸಮಸ್ಥಿತಿಗೆ ಬಂದಿದೆ. ಅಂಚಿನಲ್ಲಿ ಮಾತ್ರ ಆ ಇಬ್ಬರಲ್ಲಿ ಒಬ್ಬನು ಹಾಕಿದ, ಇತ್ಯರ್ಥವಾಗದ ಕಾಮೆಂಟೊಂದು ನಿಂತಿದೆ: “ನಮ್ಮ ಮುತ್ಯಾ ಹೇಳ್ಯಾನ್ರಿ ಸರ್, ಅದನ್ಯಾಕ ಬರೀಬಾರ್ದ್ರಿ?” ಪ್ರಕಟವಾಗದ ಆಧಾರವನ್ನು ವಿಕಿಪೀಡಿಯ ಸ್ವೀಕರಿಸುವುದಿಲ್ಲವೆಂಬುದು ನಿಜ, ಆದರೆ 2011ರಲ್ಲಿಯೇ ವಿಕಿಮೀಡಿಯದ ಆಶ್ರಯದಲ್ಲಿ ಮಲಯಾಳ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಮೌಖಿಕ ಸಾಕ್ಷ್ಯವನ್ನು ಧ್ವನಿಮುದ್ರಿಸಿ ಆಧಾರವಾಗಿ ಬಳಸುವ ಪ್ರಯೋಗವೊಂದು ನಡೆದುದುಂಟು. ನಮ್ಮ ತರಗತಿಯ ದಸ್ತಾವೇಜಿಗೆ ಆ ನಿರ್ಬಂಧವೂ ಇಲ್ಲ. ದೀಪಾವಳಿಯ ರಜೆಯಲ್ಲಿ ಆ ಹುಡುಗನು ಮುತ್ಯಾನ ಮಾತನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಬರುವನು. ಹೇಳಿದವರ ಒಪ್ಪಿಗೆ, ಊರು, ದಿನಾಂಕ ಇವುಗಳನ್ನು ಬರೆದುಕೊಳ್ಳುವ ಕ್ರಮವನ್ನು ಇದೇ ವಾರ ಗುಂಪಿನವರೆಲ್ಲ ಕೂಡಿ ಒಂದು ಪುಟದಲ್ಲಿ ಸಿದ್ಧಪಡಿಸುತ್ತಿದ್ದಾರೆ, ಮತ್ತು ಅವನೊಡನೆ ವಾದ ಹೂಡಿದ್ದ ಇನ್ನೊಬ್ಬ ಹುಡುಗನು ಆ ಧ್ವನಿಯನ್ನು ಕೇಳಿ ಲಿಪ್ಯಂತರ ಮಾಡುವ ಹೊಣೆಯನ್ನು ತಾನಾಗಿಯೇ ವಹಿಸಿಕೊಂಡಿದ್ದಾನೆ.