ಅಪ್ಪನ ಮುದ್ದೆ, ನನ್ನ ಡಯಟ್ಟು

ನಮ್ಮ ಸ್ಟಾಫ್ ರೂಮಿನಲ್ಲಿ ಈಚೆಗೆ ಊಟದ ಡಬ್ಬಿಗಿಂತ ಮೊದಲು ಡಯಟ್ಟಿನ ಮಾತು ತೆರೆಯುತ್ತದೆ. ಒಬ್ಬರು ಅನ್ನ ಬಿಟ್ಟಿದ್ದಾರೆ, ಇನ್ನೊಬ್ಬರು ರಾತ್ರಿಯೂಟ ಬಿಟ್ಟಿದ್ದಾರೆ. ಮಂಡಿನೋವು ಶುರುವಾಗಿ, ತೂಕ ಇಳಿಸಬೇಕೆಂದು ಡಾಕ್ಟರು ಹೇಳಿದ ಮೇಲೆ ನಾನೂ ಎರಡನ್ನೂ ಮಾಡಿ ನೋಡಿದೆ. ಎರಡರಲ್ಲೂ ತೂಕ ಇಳಿಯಿತು. ಬಿಟ್ಟ ಕೂಡಲೇ ಮತ್ತೆ ಏರಿತು. ಹಾಗಾದರೆ ಇವುಗಳ ಗುಟ್ಟಾದರೂ ಏನು?

ನನ್ನ ಅಪ್ಪ ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸಕ್ಕಿದ್ದರು. ಎರಡು ದೊಡ್ಡ ಮುದ್ದೆ, ಹುರುಳಿಸಾರು ಉಂಡು ಶಿಫ್ಟಿಗೆ ಹೋದರೆ, ಬರುವಾಗ ಹೊಟ್ಟೆ ಬೆನ್ನಿಗೆ ಹತ್ತಿರುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಅಪ್ಪ ಬಂಗಾರಪೇಟೆಯ ಮನೆಯ ಜಗಲಿಯಲ್ಲಿ ಕುಳಿತರು. ಅದೇ ಮುದ್ದೆ, ಅದೇ ಸಾರು. ಎರಡು ವರ್ಷದಲ್ಲಿ ಅಂಗಿಯ ಗುಂಡಿ ಕೂಡದಾಯಿತು, ಆಮೇಲೆ ಸಕ್ಕರೆ ಕಾಯಿಲೆಯೂ ಬಂತು. ರಾಗಿ ತಿಂದರೆ ಮೈ ಬರುವುದಿಲ್ಲವೆಂಬ ನಮ್ಮ ಕಡೆಯ ನಂಬಿಕೆ ನನ್ನ ಪಾಲಿಗೆ ಅಂದೇ ಮುರಿಯಿತು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿ ಇದ್ದರೆ ರಾಗಿಯಲ್ಲಿ ಸುಮಾರು 320. ನಾರು, ಸುಣ್ಣದ ಅಂಶಗಳಲ್ಲಿ ರಾಗಿ ಬಹಳ ಮೇಲು. ತೂಕದ ಲೆಕ್ಕದಲ್ಲಿ ಮಾತ್ರ ಅದಕ್ಕೆ ಅಂಥ ರಿಯಾಯಿತಿಯಿಲ್ಲ.

ವಿಜ್ಞಾನಿಗಳು ಹೇಳುವುದೂ ಇದನ್ನೇ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 609 ಜನರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಕೊಬ್ಬು ಕಡಿಮೆಯ ಊಟ, ಇನ್ನೊಂದಕ್ಕೆ ಪಿಷ್ಟ ಕಡಿಮೆಯ ಊಟ ಹೇಳಿಕೊಟ್ಟರು. ವರ್ಷದ ಕೊನೆಗೆ ಸರಾಸರಿ ಇಳಿದದ್ದು 5.3 ಮತ್ತು 6 ಕಿಲೊ. ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲವೆಂದು 2018ರಲ್ಲಿ ಪ್ರಕಟಿಸಿದರು. 2022ರಲ್ಲಿ ಪ್ರಕಟವಾದ ಚೀನಾದ ಪ್ರಯೋಗದಲ್ಲಿ 139 ಜನರೂ ಕ್ಯಾಲೊರಿ ತಗ್ಗಿಸಿದರು. ಅವರಲ್ಲಿ ಒಂದು ಗುಂಪು ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರೊಳಗೆ ಮಾತ್ರ ಉಂಡಿತು. ಗಡಿಯಾರ ನೋಡಿ ಉಂಡವರಿಗೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಕಾಣಲಿಲ್ಲ. ನಮ್ಮ ಅಜ್ಜಿಯರ ಒಪ್ಪತ್ತೂ ಇಷ್ಟೇ. ಉಪವಾಸದ ಹೆಸರಿನಲ್ಲಿ ಸಬ್ಬಕ್ಕಿ, ಅವಲಕ್ಕಿ, ಬಾಳೆಹಣ್ಣು ಎಲ್ಲ ಸೇರಿದರೆ ಬಿಟ್ಟ ಅನ್ನವೇ ಹಗುರ!

ಆದರೂ ‘ಕಡಿಮೆ ತಿನ್ನಿ’ ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುವವರನ್ನು ನಾನು ಒಪ್ಪಲಾರೆ. 2019ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಪ್ರಯೋಗದಲ್ಲಿ 20 ಜನರಿಗೆ ಎರಡು ವಾರ ಕಾರ್ಖಾನೆಯ ಸಿದ್ಧ ತಿನಿಸು, ಎರಡು ವಾರ ಸಾದಾ ಅಡುಗೆ ಕೊಟ್ಟು, ಬೇಕಾದಷ್ಟು ತಿನ್ನಿ ಎಂದರು. ಸಿದ್ಧ ತಿನಿಸಿನ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು. ಹಸಿವೆಂಬುದು ಬರೀ ಮನಸ್ಸಿನ ಗಟ್ಟಿತನದ ಮಾತಲ್ಲ. ತಟ್ಟೆಯಲ್ಲಿ ಏನಿದೆ ಎಂಬುದರ ಮಾತೂ ಹೌದು. ಇನ್ನು ನಮ್ಮ ಪಾಡು ನೋಡಿ. ಮಕ್ಕಳು ಬಿಟ್ಟ ಅರ್ಧ ದೋಸೆ, ಪಾತ್ರೆಯ ತಳದ ಪಲ್ಯ ಚೆಲ್ಲಲು ಮನಸ್ಸಾಗದೆ ಬಾಯಿಗೆ ಹಾಕಿಕೊಳ್ಳುತ್ತೇವಲ್ಲ, ಅದು ಯಾವ ಡಯಟ್ಟಿನ ಪಟ್ಟಿಯಲ್ಲಿದೆ?

ಈಗ ನನ್ನದು ಒಂದು ಸಣ್ಣ ಮುದ್ದೆ, ತಟ್ಟೆ ತುಂಬ ಸೊಪ್ಪು, ಕಾಳು. ಸ್ಟೇಷನ್ನಿಂದ ಮನೆಗೆ ನಡಿಗೆ. ಉಳಿದದ್ದು ಡಬ್ಬಿಗೆ, ನನ್ನ ಹೊಟ್ಟೆಗಲ್ಲ. ವರ್ಷದಲ್ಲಿ ನಾಲ್ಕು ಕಿಲೊ ಇಳಿದು ಅಲ್ಲೇ ನಿಂತಿದೆ. ಸಕ್ಕರೆ ಕಾಯಿಲೆಗೆ ಮಾತ್ರೆ ನುಂಗುವವರು ಮಾತ್ರ ಡಾಕ್ಟರನ್ನು ಕೇಳದೆ ಹೊತ್ತಿನೂಟ ಬಿಡಬೇಡಿ. ಸಕ್ಕರೆ ತೀರಾ ಇಳಿದರೆ ಅಪಾಯ.

ತಿಂಗಳಿಗೊಮ್ಮೆ ಬಂಗಾರಪೇಟೆಯ ಪಾನಿಪುರಿಯನ್ನೂ ತಿನ್ನುತ್ತೇನೆ. ಪಾನಿ ನೋಡಲು ತಿಳಿನೀರು, ಬಾಯಿಗಿಟ್ಟರೆ ಕಣ್ಣಲ್ಲೂ ನೀರು. ಅದನ್ನೂ ಬಿಡಿ ಎನ್ನುವ ಡಯಟ್ಟನ್ನು ನಾನು ಎಷ್ಟು ದಿನ ನಡೆಸಿಯೇನು?